ಮೊದಲು ಯಾರನ್ನು ತಗೋಬೇಕು ಮೇಷ್ಟ್ರೇ?

ಹೋದ ತಿಂಗಳ ಅಂಕಣದ ಕೊನೆಯಲ್ಲಿ ಸುಮ್ನೆ ಒಂದು ಮಾತು ಹಾಕಿದ್ದೆ. ಹಾಸನದಲ್ಲಿ ನಾವು ಎಂಟು ಜನ ಗೆಳೆಯರು ಫ್ಯಾಂಟಸಿ ಹಾಕಿ ಆಡುತ್ತೇವೆ, ಆ್ಯಪ್ ಇಲ್ಲ, ದುಡ್ಡಿಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ ಅಷ್ಟೇ ಅಂತ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಮಂಡಿನೋವಿನವರು, ಶೂ ಯಾವುದು ತಗೊಳ್ಳಲಿ ಅಂದವರು, ಮಗಳ ಓಟದ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ, ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಿಜವಾದ ಲೀಗ್‌ನ ಆಟಗಾರರನ್ನು ನಾವು ಕಾಗದದ ಮೇಲೆ ನಮ್ಮ ತಂಡಕ್ಕೆ ಹಂಚಿಕೊಳ್ಳುತ್ತೇವೆ. ಅಲ್ಲಿ ಆತ ಗೋಲ್ ಹೊಡೆದರೆ ಇಲ್ಲಿ ನಮಗೆ ಪಾಯಿಂಟ್. ಹಂಚಿಕೊಳ್ಳುವ ದಿನಕ್ಕೆ ಡ್ರಾಫ್ಟ್ ಅಂತಾರೆ. ಒಬ್ಬರು ಆರಿಸಿದ ಆಟಗಾರ ಇನ್ನೊಬ್ಬರಿಗೆ ಸಿಗಲ್ಲ. ಅದಕ್ಕೇ ಯಾರನ್ನು ಮೊದಲು, ಯಾರನ್ನು ಆಮೇಲೆ ಅನ್ನೋ ಪಟ್ಟಿಗೆ ಇಷ್ಟು ತಲೆ ಕೆಡಿಸಿಕೊಳ್ಳೋದು.

ಮೇಷ್ಟ್ರೇ, ನನ್ನ ಚಿಕ್ಕಪ್ಪನ ಮಗ ಟೊರೊಂಟೋದಲ್ಲಿದ್ದಾನೆ. ಅವನ ಆಫೀಸಿನವರ ಐಸ್ ಹಾಕಿ ಫ್ಯಾಂಟಸಿ ಲೀಗ್‌ಗೆ ಒಬ್ಬರು ಕಮ್ಮಿ ಬಿದ್ದರು ಅಂತ ನನ್ನ ಹೆಸರು ಸೇರಿಸಿಬಿಟ್ಟಿದ್ದಾನೆ. ಒಟ್ಟು 12 ಜನ. ಮುಂದಿನ ವಾರವೇ ಡ್ರಾಫ್ಟ್. ನಾನು ಐಸ್ ನೋಡಿರೋದು ಫ್ರಿಜ್ಜಿನಲ್ಲಿ ಮಾತ್ರ. 1ರಿಂದ 200ರವರೆಗೆ ಆಟಗಾರರ ಪಟ್ಟಿ ಮಾಡೋದು ಹೇಗೆ?
— ಒಬ್ಬ ಓದುಗ, ಸಾಲಗಾಮೆ ರಸ್ತೆ, ಹಾಸನ

1ರಿಂದ 200ರವರೆಗೆ ಮಾಡಬೇಡಪ್ಪ. ಮೊದಲ ತಪ್ಪೇ ಅದು. ನಾನೂ ಮಾಡಿದ್ದೇನೆ, ಎರಡು ರಾತ್ರಿ ಕೂತು, ಸ್ಕೇಲ್ ಇಟ್ಟು ಗೆರೆ ಎಳೆದು. 57ನೇ ಆಟಗಾರನಿಗೂ 58ನೇ ಆಟಗಾರನಿಗೂ ಏನು ವ್ಯತ್ಯಾಸ ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ನಮ್ಮ ಕಡೆ ಕಾಫಿ ಕ್ಯೂರಿಂಗ್ ಒಳಗೆ ಹೋಗಿ ನೋಡಿದ್ದೀಯಾ? ಹೋಗಿಲ್ಲ ಅಂದ್ರೆ ಒಂದು ಸಲ ಹೋಗು. ಬೀಜಕ್ಕೆ ಅಲ್ಲಿ ಯಾರೂ ಒಂದೊಂದಾಗಿ ನಂಬರ್ ಕೊಡಲ್ಲ. ಜರಡಿ ಹಿಡಿಯುತ್ತಾರೆ. ದೊಡ್ಡದು ಎಎ, ಅದರ ಕೆಳಗೆ ಎ, ಆಮೇಲೆ ಬಿ, ಸಿ. ಒಂಟಿ ಬೀಜದ ಗುಂಡು ಕಾಳು ಪಿಬಿ ಅಂತ ಬೇರೆ. ಒಂದೇ ಜರಡಿಯಲ್ಲಿ ನಿಂತ ಬೀಜಗಳಲ್ಲಿ ಇದು ಮೇಲು, ಅದು ಕೀಳು ಅಂತ ಜಗಳ ಇಲ್ಲ. ನೀನೂ ಹಾಗೇ ಮಾಡು. ಸೆಂಟರ್, ವಿಂಗ್, ಡಿಫೆನ್ಸ್, ಗೋಲ್‌ಕೀಪರ್ ಅಂತ ನಾಲ್ಕು ಪುಟ ಮಾಡಿಕೊಂಡು ಒಂದೊಂದರಲ್ಲೂ ಐದಾರು ಗುಂಪು ಮಾಡು. ಡ್ರಾಫ್ಟ್ ನಡೆಯುವಾಗ ನೀನು ನೋಡಬೇಕಾದ್ದು ಒಂದೇ: ಯಾವ ಪುಟದಲ್ಲಿ ಮೇಲಿನ ಗುಂಪು ಖಾಲಿಯಾಗುತ್ತಾ ಬಂದಿದೆ? ಡಿಫೆನ್ಸ್ ಪುಟದ ಎ ಗುಂಪಿನಲ್ಲಿ ಒಬ್ಬನೇ ಉಳಿದಿದ್ದಾನೆ, ಸೆಂಟರ್ ಪುಟದ ಎ ಗುಂಪಿನಲ್ಲಿ ಇನ್ನೂ ಆರು ಜನ ಇದ್ದಾರೆ ಅಂದ್ರೆ, ಸೆಂಟರ್ ಎಷ್ಟೇ ದೊಡ್ಡ ಹೆಸರಾಗಿರಲಿ, ಡಿಫೆನ್ಸ್‌ನವನನ್ನು ಎತ್ತಿಕೋ. ಆರರಲ್ಲಿ ಒಬ್ಬ ಮುಂದಿನ ಸುತ್ತಿಗೂ ಉಳಿದಿರುತ್ತಾನೆ.

ಇದನ್ನು ಒಂದು ನಿಜವಾದ ಲೆಕ್ಕದಲ್ಲಿ ನೋಡು. ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 2024-25ರ ಸೀಸನ್‌ನಲ್ಲಿ ಕೇಲ್ ಮಕಾರ್ ಗಳಿಸಿದ್ದು 92 ಪಾಯಿಂಟ್, ಅಂದರೆ 30 ಗೋಲ್, 62 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸು). ಅದೇ ಸೀಸನ್‌ನಲ್ಲಿ ಸಿಡ್ನಿ ಕ್ರಾಸ್ಬಿ ಗಳಿಸಿದ್ದು 91. ಒಂದೇ ಒಂದು ಪಾಯಿಂಟ್ ವ್ಯತ್ಯಾಸ, ಅಲ್ವಾ? ಆದರೆ ಡ್ರಾಫ್ಟ್‌ನಲ್ಲಿ ಮಕಾರ್ ಮೊದಲ ಸುತ್ತಿನಲ್ಲೇ ಹೋಗುತ್ತಾನೆ, ಕ್ರಾಸ್ಬಿ ಎಷ್ಟೋ ಹೊತ್ತು ಕಾಯುತ್ತಾನೆ. ಯಾಕೆ? ಕ್ರಾಸ್ಬಿ ಸೆಂಟರ್. ತೊಂಬತ್ತರ ಆಸುಪಾಸಿನ ಸೆಂಟರ್‌ಗಳು ಇನ್ನೂ ಸಿಗುತ್ತಾರೆ. ಮಕಾರ್ ಡಿಫೆನ್ಸ್. ಡಿಫೆನ್ಸ್‌ನವರಲ್ಲಿ ಎರಡನೆಯವನಾದ ಝಾಕ್ ವೆರೆನ್‌ಸ್ಕಿಯೇ 82ಕ್ಕೆ ನಿಂತ. ಅಲ್ಲಿಂದ ಕೆಳಗೆ ಇಳಿಜಾರು, ಶಿರಾಡಿ ಘಾಟಿ ಇದ್ದಂಗೆ. ನಿನ್ನ ಲೀಗ್‌ನಲ್ಲಿ 12 ಜನರೂ ತಲಾ ನಾಲ್ಕು ಡಿಫೆನ್ಸ್ ಇಟ್ಟುಕೊಳ್ಳಬೇಕು ಅಂತಿಟ್ಕೋ, 48 ಜನ ಹೋಗುತ್ತಾರೆ. 49ನೆಯವನು ಯಾರಿಗೂ ಬೇಡದವನು, ಪುಕ್ಕಟೆ ಸಿಗುವವನು. ಆ ಪುಕ್ಕಟೆ ಸಿಗುವವನಿಗಿಂತ ಇವನು ಎಷ್ಟು ಜಾಸ್ತಿ ಕೊಡುತ್ತಾನೆ ಅನ್ನೋದೇ ಅವನ ಬೆಲೆ. ಒಟ್ಟು ಪಾಯಿಂಟ್ ಅಲ್ಲ. ಈ ಒಂದು ವಿಷಯ ತಲೆಗೆ ಹೋದರೆ ಟೊರೊಂಟೋದ ಅರ್ಧ ಆಫೀಸನ್ನು ನೀನು ಹಿಂದೆ ಹಾಕಿದ ಹಾಗೆ, ಯಾಕಂದ್ರೆ ಅಲ್ಲಿಯೂ ಜನ ತಮ್ಮೂರ ತಂಡದ ಹುಡುಗರನ್ನು ಪ್ರೀತಿಗೆ ಎತ್ತಿಕೊಳ್ಳುವವರೇ.

ಆದರೆ ಇದೆಲ್ಲಕ್ಕಿಂತ ಮುಂಚೆ ಲೀಗ್‌ನ ನಿಯಮದ ಹಾಳೆ ತರಿಸಿಕೊಂಡು ಓದು. ಕೆಲವು ಕಡೆ ಗೋಲ್, ಅಸಿಸ್ಟ್ ಮಾತ್ರ ಲೆಕ್ಕ. ಕೆಲವು ಕಡೆ ಗುರಿಗೆ ಹೊಡೆದ ಶಾಟ್, ಪವರ್‌ಪ್ಲೇ ಪಾಯಿಂಟ್, ಎದುರಾಳಿಗೆ ಡಿಕ್ಕಿ ಹೊಡೆದದ್ದು, ಮೈ ಅಡ್ಡ ಕೊಟ್ಟು ಶಾಟ್ ತಡೆದದ್ದು ಎಲ್ಲಕ್ಕೂ ಲೆಕ್ಕ ಇದೆ. ಡಿಕ್ಕಿಗೂ ಪಾಯಿಂಟ್ ಇರುವ ಲೀಗ್‌ನಲ್ಲಿ ಅಂದವಾಗಿ ಪಾಸ್ ಕೊಡುವ ಸಣಕಲ ಹುಡುಗ ಎರಡು ಗುಂಪು ಕೆಳಗಿಳಿಯುತ್ತಾನೆ, ಗೂಳಿ ಥರ ನುಗ್ಗುವವನು ಮೇಲೇರುತ್ತಾನೆ. ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಪಟ್ಟಿ ಬೇರೆ ಯಾರದ್ದೋ ನಿಯಮಕ್ಕೆ ಹೊಲಿದ ಅಂಗಿ.

ಇನ್ನೊಂದು ಬಲೆ ಹೋದ ವರ್ಷದ ಅಂಕಿ. ಆಸ್ಟನ್ ಮ್ಯಾಥ್ಯೂಸ್ 2023-24ರಲ್ಲಿ 69 ಗೋಲ್ ಹೊಡೆದ. ಅದನ್ನೇ ನಂಬಿ ಮುಂದಿನ ಸೀಸನ್‌ಗೆ ಅವನನ್ನು ತಲೆ ಮೇಲೆ ಇಟ್ಟುಕೊಂಡವರಿಗೆ ಸಿಕ್ಕಿದ್ದು 67 ಪಂದ್ಯ, 33 ಗೋಲ್. ಕಾನರ್ ಮೆಕ್‌ಡೇವಿಡ್ ಕೂಡ 2024-25ರಲ್ಲಿ 67 ಪಂದ್ಯವೇ ಆಡಿದ್ದು, ಆದರೂ 100 ಪಾಯಿಂಟ್ ಗಳಿಸಿದ. ಒಟ್ಟು ಪಾಯಿಂಟ್ ನೋಡಿದವರಿಗೆ ಮೆಕ್‌ಡೇವಿಡ್ 121 ಪಾಯಿಂಟ್‌ನ ಕುಚೆರೊವ್‌ಗಿಂತ ಬಹಳ ಹಿಂದೆ ಕಾಣುತ್ತಾನೆ. ಪಂದ್ಯಕ್ಕೆ ಎಷ್ಟು ಅಂತ ಭಾಗಿಸಿ ನೋಡಿದರೆ ಒಬ್ಬನದು ಒಂದೂವರೆ, ಇನ್ನೊಬ್ಬನದು ಒಂದೂವರೆಗಿಂತ ಒಂಚೂರು ಮೇಲೆ, ಅಷ್ಟೇ. ಒಂದೇ ಜರಡಿಯ ಬೀಜ. ಹಾಗಾಗಿ ಒಟ್ಟು ಬೇಡ, ಪಂದ್ಯಕ್ಕೆಷ್ಟು ಅಂತ ನೋಡು. ಒಂದು ವರ್ಷ ಬೇಡ, ಮೂರು ವರ್ಷ ನೋಡು. ಆಮೇಲೆ ಆತ ತನ್ನ ತಂಡದ ಮೊದಲ ಪವರ್‌ಪ್ಲೇ ಗುಂಪಿನಲ್ಲಿ ಇದ್ದಾನಾ ಅಂತ ನೋಡು. ಎದುರಾಳಿ ತಂಡದವನು ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ಇವರು ಐದು ಜನ, ಅವರು ನಾಲ್ಕು. ಆ ಎರಡು ನಿಮಿಷ ಯಾರು ಮೈದಾನದಲ್ಲಿ ಇರುತ್ತಾರೋ ಅವರಿಗೇ ಸುಗ್ಗಿ.

ಡ್ರಾಫ್ಟ್ ಬಹುಶಃ ಹಾವಿನ ನಡೆಯದ್ದು. ಮೊದಲ ಸುತ್ತು 1ರಿಂದ 12, ಎರಡನೆಯದು ತಿರುಗಿ 12ರಿಂದ 1. ನಿನಗೆ ಮೊದಲ ಸರದಿ ಬಂತು ಅಂತ ಕುಣಿಯಬೇಡ, ಮುಂದಿನದು 24ನೆಯ ಆಯ್ಕೆ. ಅಷ್ಟರಲ್ಲಿ ಎಎ ಪೂರ್ತಿ ಖಾಲಿ. ಕೊನೆಯ ಸರದಿಯವನಿಗೆ 12, 13 ಎರಡೂ ಒಟ್ಟಿಗೆ. ನನಗಂತೂ ಕೊನೆಯ ಸರದಿಯೇ ಇಷ್ಟ, ಜೋಡಿಯಾಗಿ ಯೋಚನೆ ಮಾಡಬಹುದು.

ಟೊರೊಂಟೋದಲ್ಲಿ ರಾತ್ರಿ ಎಂಟಕ್ಕೆ ಡ್ರಾಫ್ಟ್ ಅಂದ್ರೆ ಈಗ ಇಲ್ಲಿ ಬೆಳಗಿನ ಜಾವ ಐದೂವರೆ. ಹಿಂದಿನ ರಾತ್ರಿ ಮೊಬೈಲ್ ಚಾರ್ಜ್ ಹಾಕಿಟ್ಟುಕೋ. ಸರದಿ ಬಂದಾಗ ನೀನು ಒತ್ತದಿದ್ದರೆ ಕಂಪ್ಯೂಟರೇ ಯಾರನ್ನೋ ನಿನ್ನ ತಲೆಗೆ ಕಟ್ಟುತ್ತೆ.

ಗೋಲ್‌ಕೀಪರ್ ಇಲ್ಲದೆ ಹಾಕಿ ಉಂಟಾ? ನಾನು ಮೊದಲ ಸುತ್ತಿನಲ್ಲೇ ಗೋಲ್‌ಕೀಪರ್ ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೇನೆ. ಸರಿ ತಾನೇ?
— ಒಬ್ಬ ಓದುಗ, ಬೇಲೂರು

ತಪ್ಪು. ಇದನ್ನು ಹೇಳುತ್ತಿರುವವನು ಕಾಲೇಜಿನಲ್ಲಿ ನಾಲ್ಕು ವರ್ಷ ಗೋಲ್‌ಕೀಪರ್ ಆಗಿ ನಿಂತವನು, ಆದ್ದರಿಂದ ಹೊಟ್ಟೆ ಉರಿದುಕೊಂಡೇ ಹೇಳುತ್ತಿದ್ದೇನೆ.

ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ಕ್ಕೆ ಮತ್ತೆ ಶುರುವಾಯಿತಲ್ಲ, ಏಳು ವರ್ಷ ನಿಂತು ಹೋಗಿದ್ದು. ಅದಕ್ಕೇ ನಮ್ಮ ನೋಟ್‌ಬುಕ್ ಲೀಗ್ ಶುರು ಮಾಡಿದ್ದು. ಗೆಳೆಯನ ಅಂಗಡಿ ಮಹಡಿ ಮೇಲೆ ಚೀಟಿ ಎತ್ತಿದೆವು. ನನಗೆ ಒಂದನೇ ಸರದಿ ಬಂತು. ಎದುರಿಗೆ ಭಾರತದ, ಹಾಲೆಂಡಿನ, ಅರ್ಜೆಂಟೀನಾದ ದೊಡ್ಡ ದೊಡ್ಡ ಡ್ರ್ಯಾಗ್‌ಫ್ಲಿಕ್ಕರ್‌ಗಳು, ಅಂದರೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿಗೆ ಹೊಡೆಯುವವರು. ನಾನು ಏನು ಮಾಡಿದೆ ಗೊತ್ತಾ? ಹಳೇ ಪ್ರೀತಿ, ಒಬ್ಬ ಗೋಲ್‌ಕೀಪರ್ ಹೆಸರು ಹೇಳಿಬಿಟ್ಟೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ನಗು. ಬಾಯಲ್ಲಿದ್ದ ಬೋಂಡ ಹೊರಗೆ ಬರುವಷ್ಟು ನಕ್ಕವರಿದ್ದಾರೆ. ನನ್ನ ಕೀಪರ್ ಕೆಲವು ಪಂದ್ಯ ಆಡಿದ, ಕೆಲವಕ್ಕೆ ಬೆಂಚಿನ ಮೇಲೆ ಕೂತ, ಯಾಕಂದ್ರೆ ತಂಡದಲ್ಲಿ ಇನ್ನೊಬ್ಬ ಕೀಪರ್ ಇದ್ದ. ಎಂಟು ಜನರಲ್ಲಿ ನಾನು ಎಂಟನೆಯವನು. ಎಲ್ಲರ ಮಸಾಲೆ ದೋಸೆ ಬಿಲ್ಲು ನಂದೇ.

ವಿಷಯ ಏನಂದ್ರೆ, ಕೀಪರ್‌ನ ಪಾಯಿಂಟ್ ಅವನ ಕೈಯಲ್ಲಿಲ್ಲ. ಮುಂದಿನ ಹತ್ತು ಜನರ ಕೈಯಲ್ಲಿದೆ. ಆತ ಎಂಟು ಶಾಟ್ ತಡೆದು ಒಂಬತ್ತನೆಯದನ್ನು ಬಿಟ್ಟರೆ ನಮ್ಮ ನೋಟ್‌ಬುಕ್ಕಿನಲ್ಲಿ ಬರೆಯೋದು ಒಂಬತ್ತನೆಯದನ್ನು ಮಾತ್ರ. ಮೇಲಿಂದ ಕೋಚ್ ಯಾವತ್ತು ಯಾರನ್ನು ನಿಲ್ಲಿಸುತ್ತಾನೋ ದೇವರಿಗೇ ಗೊತ್ತು. ಐಸ್ ಹಾಕಿಯಲ್ಲೂ ಅಷ್ಟೇ, ಒಬ್ಬನೇ ಕೀಪರ್ ಸೀಸನ್‌ನ ಎಲ್ಲಾ ಪಂದ್ಯ ಆಡಲ್ಲ. 2024-25ರಲ್ಲಿ ಕಾನರ್ ಹೆಲೆಬಕ್ 47 ಪಂದ್ಯ ಗೆದ್ದು ಇಡೀ ಲೀಗ್‌ನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಅವನೂ ಆಡಿದ್ದು 82ರಲ್ಲಿ 63. ಅಂಥವನೊಬ್ಬ ಎರಡನೇ ಸುತ್ತಿನಲ್ಲಿ ಸಿಕ್ಕರೆ ತಗೋ, ನಾನು ಬೇಡ ಅನ್ನಲ್ಲ. ಅವನು ಹೋಗಿಬಿಟ್ಟರೆ ಉಳಿದವರೆಲ್ಲ ಸುಮಾರಾಗಿ ಒಂದೇ ಜರಡಿ. ಏಳೆಂಟು ಸುತ್ತು ಕಾಯಿ.

ಸಾರ್, ನಮ್ಮ ಗೆಳೆಯರ ಲೀಗ್ ಹಾಕಿ ಇಂಡಿಯಾ ಲೀಗ್ ಮೇಲೆ. ಬರೀ ಗೋಲಿಗೆ ಪಾಯಿಂಟ್ ಇಟ್ಟಿದ್ದೇವೆ. ಪೆನಾಲ್ಟಿ ಕಾರ್ನರ್ ಹೊಡೆಯೋರನ್ನ ತಗೊಂಡವನೇ ಗೆಲ್ತಾನೆ, ಮಿಕ್ಕವರಿಗೆ ಮಜಾನೇ ಇಲ್ಲ. ಏನು ಮಾಡೋದು?
— ಇಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು

ನಿನ್ನ ಲೀಗ್‌ದು ತಪ್ಪಲ್ಲ ತಮ್ಮ, ಆಟವೇ ಹಾಗಾಗಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ ಒಟ್ಟು ಗೋಲ್ 15. ಅದರಲ್ಲಿ 10 ಹರ್ಮನ್‌ಪ್ರೀತ್ ಸಿಂಗ್‌ದು. ಅವನು ಡಿಫೆಂಡರ್, ನೆನಪಿಟ್ಕೋ. ಡಿಫೆಂಡರ್ ಜಾಗದಲ್ಲಿ ಕೂತು ಫಾರ್ವರ್ಡ್‌ಗಿಂತ ಜಾಸ್ತಿ ಗೋಲ್ ಕೊಡುವವನು. ಮೇಲಿನ ಪತ್ರದಲ್ಲಿ ಹೇಳಿದೆನಲ್ಲ ಮಕಾರ್ ಕಥೆ, ಅದೇ ಕಥೆ ಇಲ್ಲಿ ಇನ್ನೂ ಜೋರು.

ನಾವು ಎರಡನೇ ಸಲಕ್ಕೆ ನಿಯಮ ಬದಲಾಯಿಸಿದೆವು. ಆಟದ ನಡುವೆ ಹೊಡೆದ ಫೀಲ್ಡ್ ಗೋಲಿಗೆ 6, ಪೆನಾಲ್ಟಿ ಕಾರ್ನರ್ ಗೋಲಿಗೆ 4, ಪೆನಾಲ್ಟಿ ಸ್ಟ್ರೋಕಿಗೆ 3. ಇದು ನಮ್ಮ ತಲೆಯಿಂದ ಬಂದದ್ದೂ ಅಲ್ಲ. ಹಾಕಿ ಇಂಡಿಯಾ ಲೀಗ್‌ನಲ್ಲೇ 2016, 2017ರಲ್ಲಿ ಒಂದು ಫೀಲ್ಡ್ ಗೋಲ್ ಹೊಡೆದರೆ ಎರಡು ಅಂತ ಲೆಕ್ಕ ಹಾಕುತ್ತಿದ್ದರು. ಕಾರ್ಡಿಗೂ ಲೆಕ್ಕ ಇಡಿ. ಹಸಿರಿಗೆ ಎರಡು ನಿಮಿಷ ಹೊರಗೆ, ಮೈನಸ್ 1. ಹಳದಿಗೆ ಕನಿಷ್ಠ ಐದು ನಿಮಿಷ, ಮೈನಸ್ 3. ಕೆಂಪಿಗೆ ನಮ್ಮಲ್ಲಿ ಮೈನಸ್ 8. ಜಾಸ್ತಿಯಾಯಿತು ಅಂತ ಒಬ್ಬ ಗೆಳೆಯ ಜಗಳ ತೆಗೆದ. ಪ್ಯಾರಿಸ್ ಕ್ವಾರ್ಟರ್ ಫೈನಲ್ ನೆನಪು ಮಾಡಿಕೊಟ್ಟೆ. ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಂದು, ಉಳಿದ ನಲವತ್ತು ಚಿಲ್ಲರೆ ನಿಮಿಷ ಹತ್ತೇ ಜನ ಆಡಿ, ನಮ್ಮ ಕೀಪರ್ ಶ್ರೀಜೇಶ್ ಗೋಡೆ ಥರ ನಿಂತು, ಕೊನೆಗೆ ಶೂಟೌಟ್‌ನಲ್ಲಿ 4-2ಕ್ಕೆ ಗೆದ್ದದ್ದು. ಗೆದ್ದರೂ ಸೆಮಿಫೈನಲ್‌ಗೆ ರೋಹಿದಾಸ್ ಇಲ್ಲ. ಮೈನಸ್ 8 ಕಮ್ಮಿಯೇ ಆಯಿತು.

ಅಸಿಸ್ಟ್‌ಗೆ ಪಾಯಿಂಟ್ ಇಡಲು ಹೋಗಬೇಡಿ. ಐಸ್ ಹಾಕಿಯಲ್ಲಿ ಪ್ರತಿ ಗೋಲಿಗೂ ಇಬ್ಬರವರೆಗೆ ಅಸಿಸ್ಟ್ ಬರೆದು ಕೊಡುತ್ತಾರೆ. ನಮ್ಮ ಹಾಕಿಯಲ್ಲಿ ನೀವೇ ಟಿವಿ ಮುಂದೆ ಕೂತು ಯಾರು ಕೊಟ್ಟ ಪಾಸು ಅಂತ ಬಡಿದಾಡಬೇಕಾಗುತ್ತೆ. ಒಂದು ಸಂಜೆ ಪ್ರಯತ್ನ ಮಾಡಿದೆವು, ರಿಮೋಟ್ ಒಡೆದು ಹೋಯಿತು.

ಇಷ್ಟೆಲ್ಲ ಮಾಡಿದರೂ ಡ್ರ್ಯಾಗ್‌ಫ್ಲಿಕ್ಕರ್ ಮೇಲೇ ಇರುತ್ತಾನೆ. ಇರಲಿ ಬಿಡಿ. ಆದರೆ ಎಲ್ಲಾ ಡ್ರ್ಯಾಗ್‌ಫ್ಲಿಕ್ಕರ್‌ಗಳೂ ಒಂದೇ ಅಲ್ಲ. ತಂಡದಲ್ಲಿ ಕಾರ್ನರ್ ಹೊಡೆಯೋ ಮೊದಲ ಹಕ್ಕು ಯಾರದ್ದು ಅಂತ ನೋಡಿ. ಹೆಸರಾಂತ ಫ್ಲಿಕ್ಕರ್‌ಗಳು ಇಬ್ಬರು ಒಂದೇ ತಂಡಕ್ಕೆ ಬಿದ್ದರೆ ಇಬ್ಬರ ಪಾಯಿಂಟೂ ಅರ್ಧ. ಅಷ್ಟು ಹೆಸರಿಲ್ಲದ ಒಬ್ಬನೇ ಇದ್ದರೆ ಪೂರ್ತಿ ಅವನದ್ದೇ.

ನಮ್ಮದು ಹರಾಜಿನ ಲೀಗ್. ಒಬ್ಬೊಬ್ಬರಿಗೂ 100 ನಾಣ್ಯ. ದೊಡ್ಡ ಆಟಗಾರನಿಗೆ ಎಷ್ಟರವರೆಗೆ ಕೂಗಬಹುದು?
— ಒಬ್ಬ ಓದುಗ, ಅರಸೀಕೆರೆ

ಕೊಬ್ಬರಿ ಮಾರುಕಟ್ಟೆ ಇರೋ ಊರಿನವರು ನನ್ನನ್ನು ಕೇಳ್ತೀರಾ! ಆದರೂ ಹೇಳುತ್ತೇನೆ.

2024ರ ಅಕ್ಟೋಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್‌ಗೆ ನಡೆದ ನಿಜವಾದ ಹರಾಜನ್ನೇ ತಗೊಳ್ಳಿ. ಪುರುಷರ ಒಂದೊಂದು ತಂಡಕ್ಕೂ ಇದ್ದದ್ದು 4 ಕೋಟಿ. ಅದರಲ್ಲಿ ಸೂರ್ಮಾ ತಂಡ ಹರ್ಮನ್‌ಪ್ರೀತ್ ಒಬ್ಬನಿಗೇ 78 ಲಕ್ಷ ಕೊಟ್ಟಿತು. ನಿಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ನಾಣ್ಯ. ಅದೇ ಹರಾಜಿನಲ್ಲಿ ಬಂಗಾಳದ ತಂಡಕ್ಕೆ ಜುಗ್‌ರಾಜ್ ಸಿಂಗ್ ಸಿಕ್ಕಿದ್ದು 48 ಲಕ್ಷಕ್ಕೆ, ಅಂದರೆ 12 ನಾಣ್ಯ. ಅವನೂ ಡಿಫೆಂಡರ್, ಅವನೂ ಡ್ರ್ಯಾಗ್‌ಫ್ಲಿಕ್ಕರ್. ಆಮೇಲೆ ಏನಾಯಿತು? ಆ ಸೀಸನ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲ್ ಹೊಡೆದವನು ಜುಗ್‌ರಾಜ್, 12 ಗೋಲ್. ಫೈನಲ್‌ನಲ್ಲಿ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್ ಬೇರೆ. 4-3ಕ್ಕೆ ಗೆದ್ದು ಕಪ್ ಎತ್ತಿದ್ದು ಬಂಗಾಳ.

ಹರ್ಮನ್‌ಪ್ರೀತ್‌ಗೆ 78 ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಗ ಭಾರತ ತಂಡದ ಕ್ಯಾಪ್ಟನ್, ಜನ ಸ್ಟೇಡಿಯಂಗೆ ಬರೋದೇ ಅವನ ಹೆಸರಿಗೆ. ನಿಜವಾದ ತಂಡಕ್ಕೆ ಅದೆಲ್ಲ ಬೇಕು. ನಿಮ್ಮ ನೋಟ್‌ಬುಕ್ಕಿಗೆ ಬೇಡ. ನಿಮಗೆ ಬೇಕಿರೋದು ಗೋಲು. ಮೊದಲ ಹೆಸರಿಗೆ ನಾಲ್ಕು ಜನ ಮೈಮೇಲೆ ಬಿದ್ದು ಕೂಗುವಾಗ ಸುಮ್ಮನೆ ಕಾಫಿ ಕುಡಿಯಿರಿ. ಅದೇ ಕೆಲಸ ಮಾಡುವ ಎರಡನೆಯವನು, ಮೂರನೆಯವನು ಬರುವ ಹೊತ್ತಿಗೆ ಎದುರಿನವರ ಜೇಬು ಹಗುರಾಗಿರುತ್ತೆ. ಆದರೆ ತೀರಾ ಕಾಯಲೂಬಾರದು. ನಮ್ಮಲ್ಲಿ ಒಬ್ಬ ಒಳ್ಳೇದು ಬರಲಿ, ಒಳ್ಳೇದು ಬರಲಿ ಅಂತ ಕಾದು ಕಾದು ಕೊನೆಗೆ ಕೈಯಲ್ಲಿ 37 ನಾಣ್ಯ ಉಳಿಸಿಕೊಂಡು ಎದ್ದ. ಬ್ಯಾಂಕಿನವನು, ಉಳಿತಾಯ ಅಭ್ಯಾಸ.

ನಾನು, ನನ್ನ ತಂಗಿ, ಹಾಸ್ಟೆಲ್‌ನ ಇನ್ನಿಬ್ಬರು ಸೇರಿ ಮಹಿಳಾ ಲೀಗ್ ಮೇಲೆ ಡ್ರಾಫ್ಟ್ ಮಾಡಬೇಕು ಅಂತಿದ್ದೇವೆ. ಆಟಗಾರ್ತಿಯರನ್ನು ಹೇಗೆ ಸಾಲು ಮಾಡೋದು? ಹುಡುಗರು ನಗ್ತಾರೆ.
— ಓದುಗಿ, ಮೂಡಿಗೆರೆ

ನಗಲಿ ಬಿಡಮ್ಮ, ಅವರಲ್ಲಿ ಎಷ್ಟು ಜನಕ್ಕೆ ಮಹಿಳೆಯರ ತಂಡದ ಐದು ಹೆಸರು ಗೊತ್ತು ಅಂತ ಒಮ್ಮೆ ಕೇಳಿ ನೋಡು.

ಮಹಿಳೆಯರ ಹಾಕಿ ಇಂಡಿಯಾ ಲೀಗ್ 2025ರಲ್ಲಿ ಮೊದಲ ಸಲ ನಡೆದಾಗ ಇದ್ದದ್ದು ನಾಲ್ಕೇ ತಂಡ. ತಂಡ ಕಮ್ಮಿ ಅಂದ್ರೆ ಪಂದ್ಯವೂ ಕಮ್ಮಿ, ಒಬ್ಬಳು ಗಾಯವಾಗಿ ಎರಡು ಪಂದ್ಯ ತಪ್ಪಿಸಿಕೊಂಡರೂ ನಿನ್ನ ಸೀಸನ್ ಮುಗಿದ ಹಾಗೆ. ಆದ್ದರಿಂದ ಇಲ್ಲಿ ಹೆಸರಿಗಿಂತ ಪ್ರತಿದಿನ ಮೈದಾನಕ್ಕೆ ಇಳಿಯುವವಳಿಗೆ ಬೆಲೆ ಜಾಸ್ತಿ. ನಾಲ್ಕು ಜನ ಮಾತ್ರ ಆಡುವುದರಿಂದ ನಿಮಗೆ ಒಂದು ಅನುಕೂಲವೂ ಇದೆ. ಎಲ್ಲರಿಗೂ ಒಬ್ಬೊಬ್ಬ ಒಳ್ಳೆ ಕಾರ್ನರ್ ಹೊಡೆಯುವವಳು ಸಿಗುತ್ತಾಳೆ. ಮೊದಲ ಗುಂಪಿಗೆ ಹಾಲೆಂಡಿನ ಯಿಬ್ಬಿ ಯಾನ್ಸೆನ್. ಪ್ಯಾರಿಸ್‌ನಲ್ಲಿ 9 ಗೋಲ್ ಹೊಡೆದವಳು. ಹರಾಜಿನಲ್ಲಿ ಅವಳಿಗೆ ಸಿಕ್ಕಿದ್ದು 29 ಲಕ್ಷ, ಒಡಿಶಾ ತಂಡಕ್ಕೆ. ಆ ಸಲ ಕಪ್ ಗೆದ್ದದ್ದೂ ಒಡಿಶಾ. ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿಯಾದವಳು ನಮ್ಮ ಉದಿತಾ ದುಹಾನ್, 32 ಲಕ್ಷ. ಅವಳು ಡಿಫೆಂಡರ್. ನಿಜವಾದ ತಂಡಕ್ಕೆ ಚಿನ್ನ, ಬರೀ ಗೋಲ್ ಎಣಿಸುವ ಲೀಗ್‌ನಲ್ಲಿ ಅಷ್ಟು ಮೇಲೆ ಇಡಬೇಡ. ದೀಪಿಕಾ ಮಾತ್ರ ಮರೀಬೇಡ. 2024ರ ನವೆಂಬರ್‌ನಲ್ಲಿ ರಾಜಗೀರ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯಲ್ಲಿ 11 ಗೋಲ್ ಹೊಡೆದಳು, ಫೈನಲ್‌ನಲ್ಲಿ ಚೀನಾ ವಿರುದ್ಧದ ಒಂದೇ ಒಂದು ಗೋಲೂ ಅವಳದ್ದೇ. ಫೀಲ್ಡ್ ಗೋಲೂ ಹೊಡೆಯುತ್ತಾಳೆ, ಕಾರ್ನರೂ ಹೊಡೆಯುತ್ತಾಳೆ. ಎರಡು ಬಾಗಿಲಿನಿಂದ ಪಾಯಿಂಟ್ ತರುವವಳು.

ತಂಗಿಗೆ ಈ ಪುಟ ತೋರಿಸಬೇಡ.

ನಾವು ಗಡಿಯವರು, ಅತ್ತ ಕೊಡಗು, ಇತ್ತ ಹಾಸನ. ಕೊಡವ ಕುಟುಂಬಗಳ ಹಾಕಿ ಹಬ್ಬದ ಮೇಲೆ ಫ್ಯಾಂಟಸಿ ಆಡೋಕೆ ಆಗುತ್ತಾ?
— ಒಬ್ಬ ಓದುಗ, ಸಕಲೇಶಪುರ

ಆಹಾ, ಏನು ಪ್ರಶ್ನೆ! ಈ ಪತ್ರ ಓದಿ ನಾನು ಅರ್ಧ ದಿನ ಬೇರೆ ಕೆಲಸ ಮಾಡಲಿಲ್ಲ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಹಬ್ಬ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ, 2025ರಲ್ಲಿ ಮಡಿಕೇರಿಯಲ್ಲಿ 396. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ. ಭಾರತಕ್ಕೆ ಆಡಿದವನೂ ಅಲ್ಲಿ ಮನೆತನದ ಜೆರ್ಸಿ ಹಾಕಿ ಬರುತ್ತಾನೆ, ಅವನ ಪಕ್ಕದಲ್ಲಿ ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಚಿಕ್ಕಪ್ಪ.

ಆಡಬಹುದು. ಆದರೆ ಪಟ್ಟಿ ಮಾಡುವ ರೀತಿಯೇ ಬೇರೆ. ಅದು ಸೋತರೆ ಮನೆಗೆ ಹೋಗುವ ಟೂರ್ನಿ. ಅಲ್ಲಿ ಅತಿ ಒಳ್ಳೆ ಆಟಗಾರನ ತಂಡ ಎರಡನೇ ಪಂದ್ಯಕ್ಕೇ ಸೋತರೆ ನಿಮ್ಮ ಕೈಯಲ್ಲಿ ಎರಡು ಪಂದ್ಯದ ಪಾಯಿಂಟ್. 396 ತಂಡ ಅಂದ್ರೆ ಕಪ್ ಗೆಲ್ಲುವ ತಂಡ ಎಂಟೋ ಒಂಬತ್ತೋ ಪಂದ್ಯ ಗೆಲ್ಲಬೇಕು. ಆದ್ದರಿಂದ ಆಟಗಾರನನ್ನು ನೋಡಬೇಡಿ, ಮನೆತನ ನೋಡಿ. ಹಿಂದಿನ ನಾಲ್ಕೈದು ವರ್ಷ ಯಾವ ಮನೆತನ ಕೊನೆಯ ಹದಿನಾರರೊಳಗೆ ಬಂದಿದೆ? ಡ್ರಾ ಕಾಗದದಲ್ಲಿ ಯಾವ ಕಡೆ ಗಟ್ಟಿ ತಂಡಗಳು ಕಮ್ಮಿ ಇವೆ? ಅಂಥ ಮನೆತನದ ಸುಮಾರು ಆಟಗಾರನೊಬ್ಬ ಬೇಗ ಸೋಲುವ ಮನೆತನದ ಸ್ಟಾರ್‌ಗಿಂತ ಜಾಸ್ತಿ ತರುತ್ತಾನೆ. ಇನ್ನೂ ಸುಲಭ ಬೇಕಾ? ಆಟಗಾರರ ಬದಲು ಮನೆತನಗಳನ್ನೇ ಡ್ರಾಫ್ಟ್ ಮಾಡಿ. ಒಬ್ಬೊಬ್ಬರಿಗೆ ಹತ್ತು ಮನೆತನ. ಗೆದ್ದ ಪಂದ್ಯಕ್ಕೆ 3, ಗೋಲಿಗೆ 1. ಅಲ್ಲಿ ಸ್ನೇಹಿತರಿದ್ದರೆ ಅವರ ಮನೆತನವನ್ನು ಕೊನೆಯ ಸುತ್ತಿನಲ್ಲಿ ತಗೊಂಡೆ ಅಂತ ಮಾತ್ರ ಹೇಳಬೇಡಿ.

ಇಷ್ಟು ಆಟಗಾರರನ್ನು ಕೊಟ್ಟ ರಾಜ್ಯಕ್ಕೆ, ಸೋಮಯ್ಯ, ಗಣೇಶ್, ಗೋವಿಂದ, ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್ ಅಂತ ಒಂದೇ ಉಸಿರಿನಲ್ಲಿ ಹೇಳಬಹುದಾದ ರಾಜ್ಯಕ್ಕೆ, 2024-25ರ ಹಾಕಿ ಇಂಡಿಯಾ ಲೀಗ್‌ನ ಎಂಟು ತಂಡಗಳಲ್ಲಿ ಒಂದೂ ಇರಲಿಲ್ಲ. ಯಾರ ತಂಡ ಅಂತ ಕೂಗೋದು ನಾವು? ಫ್ಯಾಂಟಸಿ ನಮಗೆ ರುಚಿಸುವುದಕ್ಕೆ ಅದೂ ಒಂದು ಕಾರಣ ಇರಬೇಕು.

ತಲಾ ಐನೂರು ಹಾಕಿ ಆಡಿದರೆ ತಪ್ಪಾ? ಸೀರಿಯಸ್ ಆಗಿ ಆಡ್ತಾರೆ ಅಂತ ಅಷ್ಟೇ.
— ಒಬ್ಬ ಓದುಗ, ಹೊಳೆನರಸೀಪುರ

ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ದುಡ್ಡಿನ ಆಟಗಳಿಗೆ ನಿಷೇಧ ಹಾಕಿ ಕಾನೂನು ಮಾಡಿತು, ದೊಡ್ಡ ದೊಡ್ಡ ಫ್ಯಾಂಟಸಿ ಆ್ಯಪ್‌ಗಳೇ ದುಡ್ಡಿನ ಪಂದ್ಯ ನಿಲ್ಲಿಸಿದವು. ಕಾನೂನು ಪಕ್ಕಕ್ಕಿಡಿ, ದುಡ್ಡು ಬಂದ ಮೇಲೆ ನಮ್ಮಲ್ಲಿ ಒಬ್ಬ ಗೆಳೆಯ ಇನ್ನೊಬ್ಬನ ಜೊತೆ ಮಾತು ಬಿಟ್ಟ ಉದಾಹರಣೆ ಬೇರೆ ಆಟದಲ್ಲಿ ನೋಡಿದ್ದೇನೆ. ಸೀರಿಯಸ್ ಆಗಿ ಆಡಬೇಕಾ? ಕೊನೆಯವನು ದೋಸೆ ಕೊಡಿಸಬೇಕು, ಮೇಲಿಂದ ಮುಂದಿನ ಸೀಸನ್ ಪೂರ್ತಿ ನೋಟ್‌ಬುಕ್ ಬರೆಯಬೇಕು. ಬರೆಯೋ ಕೆಲಸಕ್ಕೆ ಹೆದರಿದಷ್ಟು ಜನ ದುಡ್ಡಿಗೂ ಹೆದರಲ್ಲ.

ನಮ್ಮ ಯಜಮಾನರು ಈ ಐಸ್ ಹಾಕಿ ಹುಚ್ಚಿಗೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂರುತ್ತಾರೆ. ಇದಕ್ಕೆ ಔಷಧಿ ಇದೆಯಾ?
— ಓದುಗಿ, ಚಿಕ್ಕಮಗಳೂರು

ನವೆಂಬರ್ ಬರಲಿ ತಾಯಿ. ಟೊರೊಂಟೋ ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ಏಳರ ಪಂದ್ಯ ಇಲ್ಲಿ ಐದೂವರೆಗೆ ಬರುತ್ತೆ. ಅಲ್ಲಿಯವರೆಗೆ ಎದ್ದವರಿಗೆ ಹಾಲು ತರುವ ಕೆಲಸ ಕೊಡಿ.

ಮೇಷ್ಟ್ರೇ, ಸುತ್ತಿ ಬಳಸಿ ಬೇಡ. ಈ ಸಲ ನಿಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದು?
— ಒಬ್ಬ ಓದುಗ, ಕೆ.ಆರ್. ಪುರಂ, ಹಾಸನ

ಹಾಸನಾಂಬೆ ಬಾಗಿಲು ಹಾಕಿದ ಮೇಲಿನ ಭಾನುವಾರ ನಮ್ಮ ಡ್ರಾಫ್ಟ್. ಆ ಎಂಟು ಜನರಲ್ಲಿ ಮೂವರು ಈ ಪತ್ರಿಕೆ ಓದುತ್ತಾರೆ. ನಿಮ್ಮ ಅಕ್ಷರ ನೋಡಿದರೆ ಅದರಲ್ಲಿ ಒಬ್ಬರು ನೀವೇ ಇರಬೇಕು ಅನ್ನಿಸುತ್ತೆ. ಭಾನುವಾರ ಸಿಗೋಣ.